ಒಳಗಿನ ಅಳತೆ, ಹೊರಗಿನ ಕುಸುರಿ: ಪೇಂಟ್‌ಬಾಲ್ ಮಾರ್ಕರಿನ ಅಲ್ಯೂಮಿನಿಯಂ ಭಾಗಗಳನ್ನು ಕಡೆದು ಕೆತ್ತುವ ಬಗೆ

ಬಣ್ಣದ ಗುಳಿಗೆಗಳನ್ನು ಒತ್ತಡದ ಗಾಳಿಯಿಂದ ಹಾರಿಸುವ ಆಟದ ಬಂದೂಕಾದ ಪೇಂಟ್‌ಬಾಲ್ ಮಾರ್ಕರನ್ನು ತಮ್ಮದೇ ವಿನ್ಯಾಸದಲ್ಲಿ ರೂಪಿಸಿಕೊಳ್ಳಲು ಹೊರಡುವವರು ಬಹುಮಟ್ಟಿಗೆ ಹೊರಮೈಯಿಂದ ಆರಂಭಿಸುತ್ತಾರೆ. ಯಾವ ಬಣ್ಣ, ಯಾವ ಚಿತ್ರ, ಹೆಸರನ್ನು ಎಲ್ಲಿ ಕೆತ್ತಬೇಕು, ಅಂಚುಗಳನ್ನು ಎಷ್ಟು ಚೂಪಾಗಿ ಕಡೆಯಬೇಕು ಎಂಬುದೇ ಮೊದಲ ಮಾತಾಗಿರುತ್ತದೆ. ಆದರೆ ಕೆಲಸ ಆರಂಭವಾಗಬೇಕಾದದ್ದು ಒಳಗಿನಿಂದ. ಒತ್ತಡದ ಗಾಳಿ ಎಲ್ಲಿ ತುಂಬಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ, ಗುಳಿಗೆಯನ್ನು ಬ್ಯಾರೆಲ್ಲಿಗೆ ತಳ್ಳುವ ಬೋಲ್ಟ್ ಎಲ್ಲಿ ಜಾರುತ್ತದೆ, ಗಾಳಿ ಸೋರದಂತೆ ತಡೆಯುವ ರಬ್ಬರಿನ ಬಳೆಯಾದ ಓ-ರಿಂಗ್ ಯಾವ ಗೋಡೆಗೆ ಒತ್ತಿಕೊಂಡು ಕೂರುತ್ತದೆ ಎಂಬುದು ತಿಳಿದ ಮೇಲೆಯೇ ಹೊರಗಿನಿಂದ ಎಷ್ಟು ಲೋಹ ತೆಗೆಯಬಹುದು, ಎಷ್ಟು ಆಳಕ್ಕೆ ಕೆತ್ತಬಹುದು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಒಳಗಿನ ಅಳತೆ ಕೊಡುವ ಅನುಮತಿಯೊಳಗೇ ಹೊರಗಿನ ಕುಸುರಿ ನಡೆಯಬೇಕು.

ಈ ಉಪಕರಣ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಕಾಡಿನ ಮರಗಳಿಗೂ ಹಿಂಡಿನ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕಲೆಂದು ನೆಲ್-ಸ್ಪಾಟ್ 007 ಎಂಬ ಅನಿಲ ಪಿಸ್ತೂಲನ್ನು ಮಾರುತ್ತಿತ್ತು. ಅದನ್ನು ತಯಾರಿಸಿದ್ದು ಡೈಸಿ ಕಂಪನಿ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್‌ನ ಹೆನ್ನಿಕರ್‌ನಲ್ಲಿ 12 ಜನ ಅದೇ ಪಿಸ್ತೂಲು ಹಿಡಿದು ಕಾಡಿನೊಳಗೆ ಬಾವುಟ ಹುಡುಕುವ ಆಟ ಆಡಿದರು. ಗೆದ್ದವನು ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಹತ್ತೇ ವರ್ಷಗಳಲ್ಲಿ ಆಟೊಮ್ಯಾಗ್, ಆಟೊಕಾಕರ್ ಎಂಬ ಅರೆ-ಸ್ವಯಂಚಾಲಿತ ಮಾರ್ಕರುಗಳು ಬಂದವು. ಆಟೊಕಾಕರಿನ ಪ್ರತಿಯೊಂದು ಭಾಗವನ್ನೂ ಬಿಡಿಬಿಡಿಯಾಗಿ ಬಿಚ್ಚಿ ಬದಲಿಸಬಹುದಾಗಿತ್ತು. ಹಾಗಾಗಿ ಸಣ್ಣ ಮಷಿನ್ ಶಾಪ್‌ಗಳು ಅದಕ್ಕೆ ತಮ್ಮದೇ ಬಾಡಿ, ಬೋಲ್ಟ್, ಬ್ಯಾರೆಲ್, ಟ್ರಿಗರ್‌ಗಳನ್ನು ಕಡೆಯತೊಡಗಿದವು. ಒಂದೊಂದಾಗಿ, ಗಿರಾಕಿಯ ಇಷ್ಟಕ್ಕೆ ತಕ್ಕಂತೆ ಭಾಗ ಮಾಡಿಕೊಡುವ ಸಂಪ್ರದಾಯ ಬಲಗೊಂಡದ್ದು ಅಲ್ಲಿಂದ. ಆ ಮಾರ್ಕರಿನ ಬ್ಯಾರೆಲ್ ಥ್ರೆಡ್ 15/16 ಇಂಚು ವ್ಯಾಸ, ಇಂಚಿಗೆ 20 ಸುತ್ತು. ಬೇರೆ ಬೇರೆ ತಯಾರಕರ ಅನೇಕ ಮಾರ್ಕರುಗಳು ಇಂದಿಗೂ ಅದನ್ನೇ ಬಳಸುತ್ತವೆ.

ಗೋಡೆಯ ಲೆಕ್ಕ

ಸಾಮಾನ್ಯ ಪೇಂಟ್‌ಬಾಲ್ 0.68 ಇಂಚು, ಅಂದರೆ ಸುಮಾರು 17.3 ಮಿ.ಮೀ. ವ್ಯಾಸದ ಜೆಲಟಿನ್ ಗುಳಿಗೆ; ತೂಕ ಸುಮಾರು 3 ಗ್ರಾಂ. ಆಟದ ಮೈದಾನಗಳಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ, ಹಲವೆಡೆ 280. ಮೂರು ಗ್ರಾಂ ಗುಳಿಗೆ ಆ ವೇಗದಲ್ಲಿ ಹೊತ್ತೊಯ್ಯುವ ಶಕ್ತಿ ಸುಮಾರು 12 ಜೂಲ್. ಇಷ್ಟಕ್ಕೆ ಬೇಕಾದ ಗಾಳಿ ಬರುವುದು 3000 ಅಥವಾ 4500 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಸಿಲಿಂಡರಿನಿಂದ. ಸಿಲಿಂಡರಿನ ತಲೆಯಲ್ಲಿರುವ ರೆಗ್ಯುಲೇಟರ್ ಅದನ್ನು ಸುಮಾರು 850 ಅಥವಾ 450 ಪಿಎಸ್‌ಐಗೆ ಇಳಿಸುತ್ತದೆ. ಮಾರ್ಕರಿನದೇ ರೆಗ್ಯುಲೇಟರ್ ಇನ್ನಷ್ಟು ಇಳಿಸುತ್ತದೆ. ಇಂಗಾಲದ ಡೈಆಕ್ಸೈಡ್ ಬಳಸಿದರೆ ಕೋಣೆಯ ಉಷ್ಣತೆಯಲ್ಲಿ ಅದರ ಆವಿಯ ಒತ್ತಡವೇ 850 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ; ಬಿಸಿಲಿಗಿಟ್ಟರೆ ಇನ್ನೂ ಏರುತ್ತದೆ.

ಈಗ ಲೆಕ್ಕ ಹಾಕೋಣ. 850 ಪಿಎಸ್‌ಐ ಎಂದರೆ ಸುಮಾರು 5.9 ಮೆಗಾಪಾಸ್ಕಲ್. ಒಳವ್ಯಾಸ 20 ಮಿ.ಮೀ., ಗೋಡೆಯ ದಪ್ಪ 1.5 ಮಿ.ಮೀ. ಇರುವ ಕೊಳವೆಯಲ್ಲಿ ಈ ಒತ್ತಡ ತುಂಬಿದರೆ ಗೋಡೆಯನ್ನು ಸುತ್ತಲೂ ಎಳೆಯುವ ಪ್ರತಿಬಲ, ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದಷ್ಟು: ಸುಮಾರು 39 ಮೆಗಾಪಾಸ್ಕಲ್. ಮಾರ್ಕರುಗಳಿಗೆ ಹೆಚ್ಚಾಗಿ ಬಳಸುವ 6061-ಟಿ6 ಅಲ್ಯೂಮಿನಿಯಂ ಶಾಶ್ವತವಾಗಿ ಬಾಗುವುದು ಸುಮಾರು 276 ಮೆಗಾಪಾಸ್ಕಲ್‌ನಲ್ಲಿ. ಏಳು ಪಟ್ಟು ಅಂತರವಿದೆ, ಯೋಚನೆಯಿಲ್ಲ ಎನಿಸುತ್ತದೆ. ಆದರೆ ಅದೇ ಗೋಡೆಯ ಮೇಲೆ 1 ಮಿ.ಮೀ. ಆಳದ ಕೆತ್ತನೆ ಮಾಡಿದರೆ ಉಳಿಯುವುದು ಅರ್ಧ ಮಿಲಿಮೀಟರ್. ಅಲ್ಲಿ ಪ್ರತಿಬಲ 117ಕ್ಕೆ ಏರುತ್ತದೆ. ಕೆತ್ತನೆಯ ತಳ ಚೂಪಾದ ‘ವಿ’ ಆಕಾರದಲ್ಲಿದ್ದರೆ ಆ ತುದಿಯಲ್ಲಿ ಪ್ರತಿಬಲ ಒಂದೆಡೆ ಗುಂಪುಗೂಡುತ್ತದೆ. ಅದು ಮೂರು ಪಟ್ಟು ಹೆಚ್ಚಿತೆಂದರೂ 350. ಲೋಹದ ಮಿತಿ ದಾಟಿಯಾಯಿತು.

ಇದರ ಮೇಲೆ ದಣಿವಿನ ಪ್ರಶ್ನೆ. ಪೇಂಟ್‌ಬಾಲುಗಳ ಒಂದು ಪೆಟ್ಟಿಗೆಯಲ್ಲಿ 2000 ಗುಳಿಗೆಗಳಿರುತ್ತವೆ. ಪ್ರತಿ ಹೊಡೆತಕ್ಕೂ ಒಳಗಿನ ಕೋಣೆ ಒಮ್ಮೆ ತುಂಬಿ ಒಮ್ಮೆ ಬರಿದಾಗುತ್ತದೆ. ಉಕ್ಕಿಗೆ ಒಂದು ಮಟ್ಟದ ಕೆಳಗೆ ಎಷ್ಟು ಸಲ ಎಳೆದುಬಿಟ್ಟರೂ ಬಿರುಕು ಬಿಡದ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟವಾದ ಸುರಕ್ಷಿತ ಮಟ್ಟವಿಲ್ಲ. ಚಿಕ್ಕ ಪ್ರತಿಬಲವೂ ಲಕ್ಷಾಂತರ ಸಲ ಮರುಕಳಿಸಿದರೆ ಚೂಪು ಮೂಲೆಯಿಂದ ಬಿರುಕು ಆರಂಭವಾಗಬಹುದು. ಆದ್ದರಿಂದ ಒತ್ತಡ ತುಂಬುವ ಕೋಣೆಯ ಹೊರಗೋಡೆಯಲ್ಲಿ ಆಳವಾದ ಕೆತ್ತನೆ ಬೇಡ. ಮೇಲ್ಮೈಯ ಬಣ್ಣ ತೆಗೆಯುವಷ್ಟು ತೆಳುವಾದ ಗುರುತು ಸಾಕು. ಟ್ರಿಗರ್ ಫ್ರೇಮ್, ಗುಳಿಗೆಗಳು ಒಳಗಿಳಿಯುವ ಕೊರಳಾದ ಫೀಡ್‌ನೆಕ್, ಟ್ರಿಗರ್ ಗಾರ್ಡ್, ಬಾಡಿಯ ಹಿಂಭಾಗದ ರೆಕ್ಕೆಯಂಥ ತುದಿಗಳು, ಇವು ಒತ್ತಡ ಹೊರುವುದಿಲ್ಲ. ಅಲ್ಲಿ ಧಾರಾಳವಾಗಿ ಕೆತ್ತಬಹುದು.

ಸಿಲಿಂಡರಿನ ವಿಷಯದಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ. ಅದನ್ನು ಕಡೆಯಬಾರದು, ಕೆತ್ತಬಾರದು, ಉಜ್ಜಬಾರದು, ಬಣ್ಣಕ್ಕಾಗಿ ಒಲೆಯಲ್ಲಿ ಕಾಯಿಸಲೂಬಾರದು. ಅದರ ಗೋಡೆಯ ದಪ್ಪ, ಮೇಲೆ ಒತ್ತಿದ ಮುದ್ರೆ, ನಿಗದಿತ ಅವಧಿಯ ಒತ್ತಡ ಪರೀಕ್ಷೆ ಎಲ್ಲವೂ ಅದು ತಯಾರಾದ ರೂಪದಲ್ಲೇ ಉಳಿದಿದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಚೆಲುವಾದ ಸಿಲಿಂಡರ್ ಬೇಕೆನ್ನುವವರು ಬಟ್ಟೆಯ ಹೊದಿಕೆ ಹಾಕಿಕೊಳ್ಳಲಿ.

ಲೋಹ ಮತ್ತು ಅದರ ಹಟ

6061 ಎಂಬುದು ಸುಮಾರು ಶೇ 1 ಮೆಗ್ನೀಸಿಯಂ, ಶೇ 0.6 ಸಿಲಿಕಾನ್ ಬೆರೆತ ಮಿಶ್ರಲೋಹ. ಟಿ6 ಎಂಬುದು ಅದಕ್ಕೆ ಕೊಟ್ಟ ಉಷ್ಣ ಸಂಸ್ಕಾರ: ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟನೆ ನೀರಿನಲ್ಲಿ ತಣಿಸಿ, ಮತ್ತೆ 160ರಿಂದ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಹದಗೊಳಿಸುವುದು. ಗಟ್ಟಿತನ ಬಂದಿರುವುದು ಈ ಹದದಿಂದ. ಅದಕ್ಕಿಂತ ಹೆಚ್ಚು ಉಷ್ಣತೆಯಲ್ಲಿ ಬಹಳ ಹೊತ್ತು ಇಟ್ಟರೆ ಹದ ಮೀರಿ ಲೋಹ ಮೆತ್ತಗಾಗುತ್ತದೆ. ಬೆಸುಗೆ ಹಾಕಿದ ಬಾಡಿ ಬೆಸುಗೆಯ ಅಕ್ಕಪಕ್ಕದಲ್ಲಿ ದುರ್ಬಲವಾಗುವುದಕ್ಕೂ ಇದೇ ಕಾರಣ. 7075-ಟಿ6 ಸತುವು ಬೆರೆತ ಲೋಹ; ಸುಮಾರು 500 ಮೆಗಾಪಾಸ್ಕಲ್‌ವರೆಗೆ ಬಾಗುವುದಿಲ್ಲ. ಟ್ರಿಗರ್‌ನಂಥ ತೆಳು ಭಾಗಕ್ಕೆ ಅದು ಚೆನ್ನ. ಬಾಡಿಗೆ ನಾನು 6061 ಅನ್ನೇ ಆರಿಸುತ್ತೇನೆ. ತುಕ್ಕು ತಡೆಯುವುದರಲ್ಲೂ ಬಣ್ಣ ಹೀರುವುದರಲ್ಲೂ ಅದು ಹೆಚ್ಚು ಸಮ.

ಅಲ್ಯೂಮಿನಿಯಂ ಕಡೆಯಲು ಸುಲಭ ಎನ್ನುತ್ತಾರೆ. ಬೇಗ ಕಡೆಯಬಹುದು ಎನ್ನುವ ಅರ್ಥದಲ್ಲಿ ಅದು ನಿಜ. ಆದರೆ ಈ ಲೋಹಕ್ಕೆ ಕಟರಿನ ಅಂಚಿಗೆ ಅಂಟಿಕೊಳ್ಳುವ ಚಾಳಿಯಿದೆ. ಬಿಸಿಯಾದ ಚೂರು ಅಂಚಿಗೆ ಬೆಸೆದುಕೊಂಡು, ಅದರ ಮೇಲೆ ಇನ್ನೊಂದು ಪದರ ಕೂತು, ಕೊನೆಗೆ ಕತ್ತರಿಸುತ್ತಿರುವುದು ಕಟರಲ್ಲ, ಅಂಟಿದ ಅಲ್ಯೂಮಿನಿಯಂ ಗಡ್ಡೆ ಎಂಬಂತಾಗುತ್ತದೆ. ಮೇಲ್ಮೈ ಹರಿದಂತೆ ಕಾಣುತ್ತದೆ, ಅಳತೆ ತಪ್ಪುತ್ತದೆ. ಇದನ್ನು ತಡೆಯಲು ಎರಡು ಅಥವಾ ಮೂರೇ ಅಲಗುಗಳ, ಹೊಳಪು ಕೊಟ್ಟ ಕಾರ್ಬೈಡ್ ಎಂಡ್‌ಮಿಲ್ (ತಿರುಗುತ್ತಾ ಲೋಹ ಕತ್ತರಿಸುವ ಕಟರ್) ಬಳಸಬೇಕು. ಅಲಗುಗಳ ನಡುವೆ ಚೂರು ಹೊರಬರಲು ಧಾರಾಳ ಜಾಗವಿರಬೇಕು. ಉಕ್ಕಿಗೆಂದು ಟೈಟಾನಿಯಂ-ಅಲ್ಯೂಮಿನಿಯಂ ನೈಟ್ರೈಡ್ ಲೇಪಿಸಿದ ಕಟರ್ ಇಲ್ಲಿ ಸಲ್ಲದು, ಏಕೆಂದರೆ ಲೇಪದಲ್ಲಿರುವ ಅಲ್ಯೂಮಿನಿಯಂ ಜಾಬಿನ, ಅಂದರೆ ಕಡೆಯುತ್ತಿರುವ ಭಾಗದ, ಅಲ್ಯೂಮಿನಿಯಂ ಅನ್ನು ಸೆಳೆಯುತ್ತದೆ. ಜಿರ್ಕೋನಿಯಂ ನೈಟ್ರೈಡ್ ಲೇಪ ಅಥವಾ ಲೇಪವೇ ಇಲ್ಲದ ಕಟರ್ ಒಳ್ಳೆಯದು.

6 ಮಿ.ಮೀ. ವ್ಯಾಸದ ಮೂರು ಅಲಗಿನ ಕಟರ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ ಸುಮಾರು 188 ಮೀಟರ್ ಸಾಗುತ್ತದೆ. ಪ್ರತಿ ಅಲಗು 0.04 ಮಿ.ಮೀ. ಲೋಹ ಕಚ್ಚಬೇಕೆಂದರೆ ಮೇಜು ನಿಮಿಷಕ್ಕೆ 1200 ಮಿ.ಮೀ. ಸರಿಯಬೇಕು. ಹೊಸಬರು ಹೆದರಿ ಮೇಜನ್ನು ನಿಧಾನವಾಗಿ ಓಡಿಸುತ್ತಾರೆ. ಆಗ ಅಲಗು ಕತ್ತರಿಸುವ ಬದಲು ಉಜ್ಜತೊಡಗುತ್ತದೆ. ಶಾಖ ಚೂರಿನ ಜೊತೆ ಹೊರಹೋಗುವ ಬದಲು ಜಾಬಿನಲ್ಲೇ ಉಳಿಯುತ್ತದೆ. ಧೈರ್ಯವಾಗಿ ಕಚ್ಚಿಸುವುದೇ ಇಲ್ಲಿ ಸುರಕ್ಷಿತ ದಾರಿ. ಜೊತೆಗೆ ಕೂಲೆಂಟ್ ಅಥವಾ ಗಾಳಿಯ ರಭಸದಿಂದ ಚೂರುಗಳನ್ನು ಗುಳಿಯಿಂದ ಹೊರದೂಡುತ್ತಿರಬೇಕು.

ಬೋರ್ ಮೊದಲು

ಬಾಡಿ ಕಡೆಯುವಾಗ ಮೊದಲು ಹುಟ್ಟಬೇಕಾದದ್ದು ಬೋರ್, ಅಂದರೆ ಒಳಗಿನ ಉದ್ದನೆಯ ದುಂಡು ತೂತು. ಉದ್ದನೆಯ ತೂತನ್ನು ಬರಿಯ ಡ್ರಿಲ್ಲಿನಿಂದ ತೆಗೆದರೆ ಅದು ದಾರಿ ತಪ್ಪಿ ಓರೆಯಾಗುತ್ತದೆ. ಹಾಗಾಗಿ ಡ್ರಿಲ್ಲಿನಿಂದ ಸ್ವಲ್ಪ ಚಿಕ್ಕದಾಗಿ ಕೊರೆದು, ಬೋರಿಂಗ್ ಬಾರಿನಿಂದ ನೇರಗೊಳಿಸಿ, ರೀಮರಿನಿಂದ ಅಳತೆಗೆ ತಂದು, ಕೊನೆಗೆ ಹೋನ್ ಮಾಡಿ ನುಣುಪಾಗಿಸುತ್ತಾರೆ. ಬೋರ್ ಮುಗಿದ ಮೇಲೆ ಅದರೊಳಗೆ ಹಿಗ್ಗಿ ಒಳಗಿನಿಂದ ಹಿಡಿಯುವ ಮ್ಯಾಂಡ್ರೆಲ್ ಎಂಬ ದಂಡವನ್ನು ತೂರಿಸಿ, ಅದನ್ನೇ ಅಕ್ಷವಾಗಿಟ್ಟುಕೊಂಡು ಹೊರಮೈ ಕಡೆಯಬೇಕು. ಹೀಗೆ ಮಾಡಿದರೆ ಗೋಡೆಯ ದಪ್ಪ ಸುತ್ತಲೂ ಒಂದೇ ಸಮ ಬರುತ್ತದೆ. ಹೊರಮೈಯನ್ನು ಮೊದಲು ಚೆಂದ ಮಾಡಿ ಆಮೇಲೆ ಒಳಗೆ ಕೊರೆಯುವವರಿಗೆ, ಒಂದು ಬದಿಯ ಗೋಡೆ ತೆಳ್ಳಗಾದದ್ದು ತಿಳಿಯುವಷ್ಟರಲ್ಲಿ ಕೆಲಸದ ಮುಕ್ಕಾಲು ಭಾಗ ಮುಗಿದಿರುತ್ತದೆ.

ಈಗಾಗಲೇ ಇರುವ ಮಾರ್ಕರಿನ ಹೊರಮೈಯನ್ನು ಮರುರೂಪಿಸುವಾಗಲೂ ಇದೇ ನಿಯಮ. ಡಯಲ್ ಇಂಡಿಕೇಟರನ್ನು ಬೋರಿನೊಳಗಿಟ್ಟು ಯಂತ್ರದ ಅಕ್ಷಕ್ಕೆ ಹೊಂದಿಸಬೇಕು, ಹೊರಮೈ ನಂಬಬಾರದು. ಒಳಗಿನ ಗುಪ್ತ ದಾರಿಗಳ ನಕ್ಷೆಯನ್ನೂ ಮೊದಲೇ ಬರೆದುಕೊಳ್ಳಬೇಕು. ಅನೇಕ ಬಾಡಿಗಳಲ್ಲಿ ಮುಂದಿನಿಂದ ಹಿಂದಕ್ಕೆ ಗಾಳಿ ಒಯ್ಯುವ ಕಿರುಗಾಲುವೆಗಳಿರುತ್ತವೆ. ಕೊರೆದ ಬಾಯಿಯನ್ನು ಉಕ್ಕಿನ ಗೋಲಿ ಬಡಿದು ಮುಚ್ಚಿರುತ್ತಾರೆ. ಹೊರಗಿನಿಂದ ಅವುಗಳ ಸುಳಿವೇ ಇರುವುದಿಲ್ಲ. ತಂತಿ, ಡೆಪ್ತ್ ಮೈಕ್ರೋಮೀಟರ್, ಪಿನ್ ಗೇಜುಗಳಿಂದ ಪ್ರತಿ ತೂತಿನ ವ್ಯಾಸ, ಆಳ, ದಿಕ್ಕು ಅಳೆದು, ಕಂಪ್ಯೂಟರಿನಲ್ಲಿ ಬಾಡಿಯನ್ನು ಅಡ್ಡ ಸೀಳಿದಂತೆ ನೋಡಿದ ಮೇಲೆಯೇ ಚಿತ್ರಕ್ಕೆ ಜಾಗ ಗುರುತಿಸಬೇಕು. ಈ ಅಳತೆಯ ಕೆಲಸ ಕಡೆಯುವ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಬೋರ್ ಇಷ್ಟು ಮುಖ್ಯವಾಗುವುದು ಓ-ರಿಂಗಿನಿಂದಾಗಿ. ಮಾರ್ಕರುಗಳಲ್ಲಿ ಸಾಮಾನ್ಯವಾದ ಸಣ್ಣ ಓ-ರಿಂಗುಗಳ ಎಳೆಯ ದಪ್ಪ 1.78 ಮಿ.ಮೀ. ಜಾರುವ ಜಾಗದಲ್ಲಿ ಅದು ಶೇ 10ರಿಂದ 20ರಷ್ಟು ಒತ್ತಿಕೊಂಡಿರಬೇಕು. ಶೇ 15 ಎಂದಿಟ್ಟುಕೊಂಡರೆ ಒತ್ತಿಕೆಯ ಆಳ 0.27 ಮಿ.ಮೀ. ಮಾತ್ರ. ಬೋರಿನ ವ್ಯಾಸ 0.2 ಮಿ.ಮೀ. ಹೆಚ್ಚಾದರೆ ಪ್ರತಿ ಬದಿಯಲ್ಲಿ 0.1 ಮಿ.ಮೀ. ಸಡಿಲವಾಗಿ ಹಿಡಿತ ಶೇ 10ರ ಕೆಳಗೆ ಇಳಿಯುತ್ತದೆ, ಗಾಳಿ ಸೋರುತ್ತದೆ. ಬಿಗಿಯಾದರೆ ಬೋಲ್ಟ್ ನಿಧಾನವಾಗಿ ಹೊಡೆತದಿಂದ ಹೊಡೆತಕ್ಕೆ ವೇಗ ಬದಲಾಗುತ್ತದೆ. ಗೋಡೆಯ ಒರಟುತನ ಸರಾಸರಿ 0.4 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹೆಚ್ಚಿರಬಾರದು; ಕನ್ನಡಿಯಷ್ಟು ನುಣುಪಾದರೂ ಗ್ರೀಸ್ ನಿಲ್ಲಲು ಗೆರೆಗಳೇ ಇಲ್ಲದಂತಾಗುತ್ತದೆ. ಇನ್ನು ಅಡ್ಡ ತೂತುಗಳು ಬೋರನ್ನು ಸೇರುವ ಕಡೆ ಉಳಿದ ಬರ್ (ಲೋಹದ ಚೂಪು ಸಿಬಿರು) ಕಣ್ಣಿಗೆ ಕಾಣದಿದ್ದರೂ ಓ-ರಿಂಗನ್ನು ಮೊದಲ ಜೋಡಣೆಯಲ್ಲೇ ಸೀಳುತ್ತದೆ. ಅಂಥ ಪ್ರತಿ ಅಂಚನ್ನೂ ಕೈಯಿಂದಲೇ ಮುಟ್ಟಿ ದುಂಡಗಾಗಿಸಬೇಕು; ಯಂತ್ರಕ್ಕೆ ಬಿಡುವ ಕೆಲಸ ಅದಲ್ಲ.

ಅಳೆಯುವಾಗ ಜಾಬ್ ತಣ್ಣಗಿರಬೇಕು. 25 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ 20 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಬಿಸಿಯಲ್ಲಿ ಸರಿಯಾಗಿ ಕಂಡ ಬೋರ್ ತಣಿದ ಮೇಲೆ ಚಿಕ್ಕದಾಗಿರುತ್ತದೆ. ಹಿಡಿತದಲ್ಲೂ ಅಷ್ಟೇ ಎಚ್ಚರ ಬೇಕು: ತೆಳು ಬಾಡಿಯನ್ನು ವೈಸಿನಲ್ಲಿ ಬಿಗಿಯಾಗಿ ಹಿಡಿದು ದುಂಡಗೆ ಕೊರೆದರೆ, ವೈಸ್ ಸಡಿಲಿಸಿದ ಕ್ಷಣ ಬೋರ್ ಅಂಡಾಕಾರಕ್ಕೆ ತಿರುಗುತ್ತದೆ. ಬಾಡಿಯ ಹೊರ ಆಕಾರಕ್ಕೆ ತಕ್ಕಂತೆ ಕಡೆದ ಮೆತ್ತನೆಯ ದವಡೆಗಳಲ್ಲಿ, ಬೇಕಾದಷ್ಟೇ ಬಲದಲ್ಲಿ ಹಿಡಿಯಬೇಕು. ಒರಟು ಕಡೆತದಲ್ಲಿ ಎಲ್ಲ ಕಡೆ ಅರ್ಧ ಮಿಲಿಮೀಟರ್ ಉಳಿಸಿ, ಜಾಬನ್ನು ಬಿಚ್ಚಿ, ಲೋಹದೊಳಗಿನ ಎಳೆತಗಳು ಸಡಿಲವಾಗಲು ಬಿಟ್ಟು, ಮತ್ತೆ ಹಿಡಿದು ಮುಗಿಸುವುದು ಒಳ್ಳೆಯ ರೂಢಿ.

ಬ್ಯಾರೆಲ್ಲಿನ ಬೋರಿಗೆ ಬೇರೆಯದೇ ತರ್ಕ. ಗುಳಿಗೆಗಳು ತೇವ ಹೀರಿ ಊದಿಕೊಳ್ಳುತ್ತವೆ. ಒಂದೇ ಹೆಸರಿನ ಗುಳಿಗೆಗಳಲ್ಲೂ ಗಾತ್ರದ ವ್ಯತ್ಯಾಸವಿರುತ್ತದೆ. ಅದಕ್ಕೆಂದೇ 0.679ರಿಂದ 0.695 ಇಂಚಿನವರೆಗೆ ಹಲವು ಒಳಕೊಳವೆಗಳನ್ನು ಬದಲಿಸಬಹುದಾದ ಬ್ಯಾರೆಲ್ ಕಿಟ್‌ಗಳು ಬಂದಿವೆ. ಇಡೀ ವ್ಯತ್ಯಾಸ 0.4 ಮಿ.ಮೀ. ಮಾತ್ರ, ಆದರೆ ಗಾಳಿ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಥ್ರೆಡ್ಡನ್ನು ಲೇತಿನಲ್ಲಿ ಒಂದೇ ಮೊನೆಯ ಉಪಕರಣದಿಂದ ಬೋರಿನೊಂದಿಗೆ ಒಂದೇ ಹಿಡಿತದಲ್ಲಿ ಕಡೆದರೆ ಬ್ಯಾರೆಲ್ ಬಾಡಿಗೆ ನೇರವಾಗಿ ಕೂರುತ್ತದೆ.

ಸಿಲಿಂಡರ್ ಕೂರುವ ಅಡಾಪ್ಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಥ್ರೆಡ್ ಇಂಚಿಗೆ 14 ಸುತ್ತಿನದು. ಸರಿಯಾದ ವಿನ್ಯಾಸದಲ್ಲಿ ಸಿಲಿಂಡರನ್ನು ಬಿಚ್ಚುವಾಗ ಓ-ರಿಂಗ್ ಹಿಡಿತ ಬಿಟ್ಟು ಗಾಳಿ ಹೊರಹೋದ ಮೇಲೂ ಸಾಕಷ್ಟು ಸುತ್ತುಗಳು ಕಚ್ಚಿಕೊಂಡೇ ಇರುತ್ತವೆ. ಒತ್ತಡದೊಂದಿಗೆ ಸಿಲಿಂಡರ್ ಕಳಚಿ ಹಾರುವುದಿಲ್ಲ. ಚೆಂದಕ್ಕಾಗಿ ಅಡಾಪ್ಟರಿನ ಉದ್ದ ಕಡಿಮೆ ಮಾಡುವವರು ಕತ್ತರಿಸುವುದು ಈ ರಕ್ಷಣೆಯನ್ನು. ಗೇಜು ಮತ್ತು ಅನುಭವ ಎರಡೂ ಇಲ್ಲದವರು ಈ ಒಂದು ಭಾಗವನ್ನು ಸಿದ್ಧವಾಗಿ ಕೊಂಡು, ಅದರ ಹೊರಮೈಯನ್ನೂ ಮುಟ್ಟದಿರುವುದು ಲೇಸು.

ದುಂಡು ಮೈಯ ಮೇಲೆ ಅಕ್ಷರ

ಬಾಗಿದ ಮೇಲ್ಮೈಗಳನ್ನು ಗೋಲ ಮೂತಿಯ ಎಂಡ್‌ಮಿಲ್ ಸಾಲುಸಾಲಾಗಿ ಉಳುತ್ತಾ ಹೋಗುತ್ತದೆ. ಎರಡು ಸಾಲುಗಳ ನಡುವೆ ಸಣ್ಣ ದಿಣ್ಣೆ ಉಳಿಯುತ್ತದೆ. 6 ಮಿ.ಮೀ. ಕಟರಿನಲ್ಲಿ ಸಾಲುಗಳ ಅಂತರ 0.6 ಮಿ.ಮೀ. ಇದ್ದರೆ ದಿಣ್ಣೆಯ ಎತ್ತರ 15 ಮೈಕ್ರಾನ್. ಅಂತರವನ್ನು ಅರ್ಧಕ್ಕಿಳಿಸಿದರೆ ಎತ್ತರ ಕಾಲು ಭಾಗಕ್ಕೆ, ಸುಮಾರು 4 ಮೈಕ್ರಾನ್‌ಗೆ ಇಳಿಯುತ್ತದೆ. ಸಮಯ ಎರಡು ಪಟ್ಟಾಗುತ್ತದೆ, ಆದರೆ ಪಾಲಿಶ್ ಹಾಕುವ ಕೈಗಳಿಗೆ ಅದಕ್ಕಿಂತ ಹೆಚ್ಚಿನ ಬಿಡುವು ಸಿಗುತ್ತದೆ. ಉಜ್ಜುಕಾಗದ ಹಿಡಿದು ಗಂಟೆಗಟ್ಟಲೆ ತಿಕ್ಕಿದಾಗ ಚೂಪಾಗಿ ಉಳಿಯಬೇಕಿದ್ದ ಅಂಚುಗಳು ಮೊಂಡಾಗುತ್ತವೆ, ವಿನ್ಯಾಸದ ಜೀವವೇ ಹೋಗುತ್ತದೆ. ಆದ್ದರಿಂದ ಯಂತ್ರ ಹೆಚ್ಚು ದುಡಿಯಲಿ.

ಕೆತ್ತನೆಗೆ ಮುಖ್ಯವಾಗಿ ಮೂರು ದಾರಿಗಳಿವೆ. ‘ವಿ’ ಆಕಾರದ ತಿರುಗುವ ಕಟರ್ ಲೋಹವನ್ನು ತೆಗೆದು ಆಳ ಕೊಡುತ್ತದೆ. ವಜ್ರದ ಮೊನೆ ತಿರುಗದೆ ಎಳೆದುಕೊಂಡು ಹೋಗಿ ಮಿರುಗುವ ಸಣ್ಣ ಗೀರು ಬಿಡಿಸುತ್ತದೆ. ಲೇಸರ್ ಸುಟ್ಟು ಅಥವಾ ಬಣ್ಣ ಕಳೆದು ಗುರುತಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ಬೆಳಕನ್ನು ಬರಿ ಅಲ್ಯೂಮಿನಿಯಂ ಬಹುಪಾಲು ಹಿಂದಕ್ಕೆ ಎರಚುತ್ತದೆ. ಆದರೆ ಆನೊಡೈಸ್ ಆದ ಪದರ (ಬಣ್ಣ ಹೀರಿದ ಆಕ್ಸೈಡ್ ಹೊದಿಕೆ; ವಿವರ ಮುಂದಿದೆ) ಅದನ್ನು ಹೀರಿಕೊಂಡು ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. 1.06 ಮೈಕ್ರಾನಿನ ಫೈಬರ್ ಲೇಸರ್ ಲೋಹವನ್ನೇ ಆವಿಯಾಗಿಸಬಲ್ಲದು. ಒತ್ತಡದ ಗೋಡೆಯ ಮೇಲೆ ಹೆಸರು ಬೇಕಾದರೆ ಬಣ್ಣ ಕಳೆಯುವ ಲೇಸರ್ ಗುರುತೇ ಸರಿ, ಲೋಹಕ್ಕೆ ಗಾಯವಾಗುವುದಿಲ್ಲ.

‘ವಿ’ ಕಟರಿನ ಗುಟ್ಟು ಅದರ ಕೋನದಲ್ಲಿದೆ. 90 ಡಿಗ್ರಿಯ ಕಟರ್ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಎರಡರಷ್ಟು ಅಗಲದ ಗೆರೆ ಬರೆಯುತ್ತದೆ. 0.2 ಮಿ.ಮೀ. ಆಳಕ್ಕೆ 0.4 ಮಿ.ಮೀ. ಅಗಲ. ಆಳದಲ್ಲಿ 0.05 ಮಿ.ಮೀ. ತಪ್ಪಾದರೆ ಅಗಲದಲ್ಲಿ 0.1 ಮಿ.ಮೀ. ತಪ್ಪು, ಗೆರೆಯ ಕಾಲು ಭಾಗ. ಕಣ್ಣು ಇದನ್ನು ಕೂಡಲೇ ಹಿಡಿಯುತ್ತದೆ. 60 ಡಿಗ್ರಿಯ ಕಟರಿನಲ್ಲಿ ಅದೇ ಆಳಕ್ಕೆ ಅಗಲ 0.23 ಮಿ.ಮೀ. ಮಾತ್ರ, ತಪ್ಪಿಗೂ ಅಷ್ಟೇ ಕಡಿಮೆ ಬೆಲೆ, ಆದರೆ ಮೊನೆ ಬೇಗ ಮುರಿಯುತ್ತದೆ.

ಬಾಡಿ ದುಂಡಗಿದ್ದರೆ ಈ ಲೆಕ್ಕ ಇನ್ನೂ ಬಿಗಡಾಯಿಸುತ್ತದೆ. 25.4 ಮಿ.ಮೀ. ವ್ಯಾಸದ ಕೊಳವೆಯ ನೆತ್ತಿಯ ಮೇಲೆ, ಅಡ್ಡಲಾಗಿ 8 ಮಿ.ಮೀ. ಅಗಲದ ಲಾಂಛನ ಕೆತ್ತಬೇಕೆಂದುಕೊಳ್ಳಿ. ನೆತ್ತಿಯಿಂದ ಎರಡೂ ಬದಿಗೆ 4 ಮಿ.ಮೀ. ಸರಿಯುವಷ್ಟರಲ್ಲಿ ಮೇಲ್ಮೈ 0.65 ಮಿ.ಮೀ. ಕೆಳಗಿಳಿದಿರುತ್ತದೆ. ಯಂತ್ರ ಸಮತಟ್ಟಾದ ಚಿತ್ರವನ್ನೇ ಅನುಸರಿಸಿದರೆ ನಡುವೆ 0.2 ಮಿ.ಮೀ. ಆಳದ ಗೆರೆ, ಅಂಚಿನಲ್ಲಿ ಗಾಳಿಯಲ್ಲಿ ಓಡುವ ಕಟರ್. ಅಂಚಿಗೆ ತಾಗುವಂತೆ ಇಳಿಸಿದರೆ ನಡುವೆ ಗೋಡೆ ಅಪಾಯವಾಗುವಷ್ಟು ತೆಳ್ಳಗಾಗುತ್ತದೆ. ಹಾಗಾಗಿ ಒಂದೋ ಚಿತ್ರವನ್ನು ಕಂಪ್ಯೂಟರಿನಲ್ಲಿ ಬಾಗಿದ ಮೈಗೆ ಹೊದಿಸಿ ಕಟರನ್ನು ಮೇಲೆ ಕೆಳಗೆ ಆಡಿಸಬೇಕು, ಇಲ್ಲವೇ ನಾಲ್ಕನೆಯ ಅಕ್ಷವಾದ ರೋಟರಿ ಮೇಜಿನಲ್ಲಿ ಬಾಡಿಯನ್ನೇ ತಿರುಗಿಸುತ್ತಾ ಕಟರನ್ನು ಸದಾ ನೆತ್ತಿಯ ಮೇಲೆ ನಿಲ್ಲಿಸಬೇಕು. ಈ ವ್ಯಾಸದಲ್ಲಿ ಒಂದು ಡಿಗ್ರಿ ತಿರುಗಿದರೆ ಮೇಲ್ಮೈ 0.22 ಮಿ.ಮೀ. ಸಾಗುತ್ತದೆ, ಚಿತ್ರದ ಅಡ್ಡ ಅಳತೆಯನ್ನು ಆ ಪ್ರಮಾಣದಲ್ಲಿ ಡಿಗ್ರಿಗಳಿಗೆ ಬದಲಿಸಿಕೊಂಡರೆ ಆಯಿತು. ಚಿಕ್ಕ ಚಿತ್ರಕ್ಕೆ ಮೊದಲನೆಯ ವಿಧಾನ ಸಾಕು. ಬಾಡಿಯನ್ನು ಸುತ್ತುವರಿಯುವ ಬಳ್ಳಿ, ಹುರಿ, ಜ್ವಾಲೆಗಳಿಗೆ ರೋಟರಿಯೇ ಬೇಕು. ಎರಡರಲ್ಲೂ, ಕೆತ್ತುವ ಮುನ್ನ ಮೇಲ್ಮೈಯನ್ನು ಪ್ರೋಬಿನಿಂದ ಹತ್ತಾರು ಕಡೆ ಮುಟ್ಟಿಸಿ ನಿಜವಾದ ಎತ್ತರ ದಾಖಲಿಸಿಕೊಂಡರೆ ಗೆರೆಯ ಅಗಲ ಎಲ್ಲೆಡೆ ಒಂದೇ ಆಗಿರುತ್ತದೆ.

ಅಕ್ಷರಗಳನ್ನು ಆರಿಸುವಾಗ ಒಳಗಿನ ಖಾಲಿ ಜಾಗದ ಮೇಲೆ ಕಣ್ಣಿಡಿ. ಕನ್ನಡದ ಒತ್ತಕ್ಷರಗಳು, ಪುಟ್ಟ ಸುಳಿಗಳು 5 ಮಿ.ಮೀ. ಎತ್ತರದ ಬರಹದಲ್ಲಿ 0.4 ಮಿ.ಮೀ. ಗೆರೆಗೆ ಮುಚ್ಚಿಹೋಗಬಹುದು. ಅಂಥ ಬರಹಕ್ಕೆ ಒಂಟಿ ಗೆರೆಯ ಅಕ್ಷರ ವಿನ್ಯಾಸ, ಕಿರಿದಾದ ಕೋನದ ಕಟರ್ ಅಥವಾ ಲೇಸರ್ ಹೊಂದುತ್ತದೆ. ಮೊದಲು ಅದೇ ವ್ಯಾಸದ ತುಂಡು ಕೊಳವೆಯ ಮೇಲೆ ಕೆತ್ತಿ ನೋಡಿ. ಪರದೆಯ ಮೇಲೆ ಕಂಡ ಅಕ್ಷರ ಲೋಹದ ಮೇಲೆ ಬೇರೆಯೇ ಆಗಿರುತ್ತದೆ.

ಬಣ್ಣ ಎಲ್ಲಿಂದ ಬರುತ್ತದೆ

ಆನೊಡೈಸಿಂಗ್ ಎಂದರೆ ಬಣ್ಣ ಬಳಿಯುವುದಲ್ಲ. ಅಲ್ಯೂಮಿನಿಯಂ ಭಾಗವನ್ನು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತಿನ ಧನಧ್ರುವಕ್ಕೆ ಜೋಡಿಸಿ, ಲೋಹದಿಂದಲೇ ಆಕ್ಸೈಡ್ ಪದರ ಬೆಳೆಸುವುದು. ಸಾಮಾನ್ಯ ಬಗೆಯಲ್ಲಿ ದ್ರಾವಣ ಸುಮಾರು 20 ಡಿಗ್ರಿಯಲ್ಲಿರುತ್ತದೆ. ವೋಲ್ಟೇಜ್ 12ರಿಂದ 18. ಪದರ 5ರಿಂದ 25 ಮೈಕ್ರಾನ್ ದಪ್ಪ. ಅದರೊಳಗೆ ಜೇನುಗೂಡಿನಂತೆ ಒತ್ತೊತ್ತಾಗಿ ನಿಂತ ಅತಿಸೂಕ್ಷ್ಮ ರಂಧ್ರಗಳಿರುತ್ತವೆ. ಬಣ್ಣದ ದ್ರಾವಣ ಆ ರಂಧ್ರಗಳಿಗೆ ಇಳಿಯುತ್ತದೆ. ಆಮೇಲೆ ಕುದಿಯುವ ನೀರಿನಲ್ಲಿ ಇಟ್ಟರೆ ಆಕ್ಸೈಡ್ ನೀರನ್ನು ಹಿಡಿದುಕೊಂಡು ಊದಿ ರಂಧ್ರದ ಬಾಯಿ ಮುಚ್ಚುತ್ತದೆ, ಬಣ್ಣ ಒಳಗೆ ಬಂದಿಯಾಗುತ್ತದೆ. ಮಸುಕು ಮೈ, ಹೊಳಪು ಮೈ ಎಂಬ ವ್ಯತ್ಯಾಸ ಬರುವುದು ಆನೊಡೈಸಿಂಗಿನಿಂದಲ್ಲ, ಅದಕ್ಕೂ ಮೊದಲು ಮಾಡಿದ ಮಣಿ ಎರಚುವಿಕೆ ಅಥವಾ ಪಾಲಿಶಿನಿಂದ. ಈ ಪದರ ಏನನ್ನೂ ಮುಚ್ಚಿಡುವುದಿಲ್ಲ. ಒಂದು ಉಗುರಿನ ಗೀರಿದ್ದರೂ ಬಣ್ಣದಡಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಪದರ ಸ್ವಲ್ಪ ಒಳಗೂ ಸ್ವಲ್ಪ ಹೊರಗೂ ಬೆಳೆಯುವುದರಿಂದ ಅಳತೆ ಬದಲಾಗುತ್ತದೆ. ಸಾಮಾನ್ಯ ಬಗೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಹೊರಕ್ಕೆ ಬರುತ್ತದೆ: 12 ಮೈಕ್ರಾನ್ ಪದರಕ್ಕೆ ಪ್ರತಿ ಮೈಯಲ್ಲಿ 4 ಮೈಕ್ರಾನ್, ಬೋರಿನ ವ್ಯಾಸದಲ್ಲಿ 8 ಮೈಕ್ರಾನ್ ಕಡಿಮೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಹೆಚ್ಚು ತೊಂದರೆಯಾಗದು. ಸೊನ್ನೆ ಡಿಗ್ರಿಯ ಸಮೀಪದಲ್ಲಿ ಮಾಡುವ ಗಟ್ಟಿ ಆನೊಡೈಸಿಂಗಿನಲ್ಲಿ ಕಥೆ ಬೇರೆ. 50 ಮೈಕ್ರಾನ್ ಪದರದ ಅರ್ಧ ಹೊರಕ್ಕೆ ಬರುತ್ತದೆ. ಬೋರ್ 50 ಮೈಕ್ರಾನ್ ಕುಗ್ಗುತ್ತದೆ. 60 ಡಿಗ್ರಿಯ ಥ್ರೆಡ್ಡಿನಲ್ಲಿ ಇಳಿಜಾರು ಮೈಗಳು ಎರಡೂ ಕಡೆಯಿಂದ ಬೆಳೆಯುವುದರಿಂದ ಪಿಚ್ ವ್ಯಾಸ (ಥ್ರೆಡ್ಡಿನ ಹಲ್ಲುಗಳ ನಡುಮಟ್ಟದ ವ್ಯಾಸ) ಹೊರಬೆಳವಣಿಗೆಯ ನಾಲ್ಕು ಪಟ್ಟು, ಅಂದರೆ 100 ಮೈಕ್ರಾನ್ ಬದಲಾಗುತ್ತದೆ. ಕೈಯಿಂದ ಸಲೀಸಾಗಿ ತಿರುಗುತ್ತಿದ್ದ ಬ್ಯಾರೆಲ್ ಆನೊಡೈಸ್ ಆಗಿ ಬಂದ ಮೇಲೆ ಎರಡು ಸುತ್ತಿಗೇ ಕಚ್ಚಿ ನಿಲ್ಲುವುದು ಇದರಿಂದ. ಥ್ರೆಡ್ಡುಗಳನ್ನು ಮುಚ್ಚಿ ಕಳುಹಿಸಬೇಕು, ಇಲ್ಲವೇ ಮೊದಲೇ ಸಡಿಲವಾಗಿ ಕಡೆದಿರಬೇಕು.

ಕಳುಹಿಸುವ ಮುನ್ನ ಉಕ್ಕಿನ ಪಿನ್ನು, ಹಿತ್ತಾಳೆಯ ಕವಾಟ, ಬಡಿದು ಮುಚ್ಚಿದ ಗೋಲಿ ಎಲ್ಲವನ್ನೂ ತೆಗೆಯಬೇಕು. ಆಮ್ಲದಲ್ಲಿ ಅವು ಕರಗುತ್ತವೆ, ಸುತ್ತಲಿನ ಪದರವನ್ನೂ ಕೆಡಿಸುತ್ತವೆ. ಕುರುಡು ತೂತುಗಳಲ್ಲಿ ನಿಂತ ಆಮ್ಲ ಬಣ್ಣ ಹಾಕುವಾಗ ಒಸರಿ ಮಾಸಿದ ಕಲೆ ಬಿಡುತ್ತದೆ. ವಿದ್ಯುತ್ ಕೊಡುವ ಕೊಕ್ಕೆ ತಾಗಿದ ಕಡೆ ಪದರ ಬೆಳೆಯುವುದಿಲ್ಲ. ಆ ಜಾಗ ಯಾವುದೆಂದು ನೀವೇ ಗುರುತು ಮಾಡಿ ಕೊಡಿ. ಬಾಡಿ, ಫ್ರೇಮ್, ಫೀಡ್‌ನೆಕ್ ಒಂದೇ ಬಣ್ಣಕ್ಕೆ ಬರಬೇಕಾದರೆ ಒಂದೇ ಮಿಶ್ರಲೋಹದಿಂದ ಕಡೆದು ಒಂದೇ ತಂಡದಲ್ಲಿ ಮುಳುಗಿಸಬೇಕು. 6061ರ ಪಕ್ಕದಲ್ಲಿ 7075 ಬೇರೆ ಛಾಯೆಗೆ ತಿರುಗುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕದ ಫ್ರೇಮುಗಳಂತೂ ಬೂದು ಬಣ್ಣಕ್ಕೆ ಹೋಗುತ್ತವೆ. ಹಳೆಯ ಪದರವನ್ನು ಕಾಸ್ಟಿಕ್ ಸೋಡಾದಿಂದ ತೆಗೆಸುವವರು, ಅದು ಪದರದೊಂದಿಗೆ ಕೆಳಗಿನ ಲೋಹವನ್ನೂ ತಿನ್ನುತ್ತದೆ ಎಂಬುದನ್ನು ನೆನಪಿಡಬೇಕು. ಎರಡು ಮೂರು ಸಲ ಬಣ್ಣ ಬದಲಿಸಿದ ಬಾಡಿಯಲ್ಲಿ ಥ್ರೆಡ್ಡುಗಳು ಅಲುಗಾಡುವುದು ಸಹಜ.

ಕೆತ್ತನೆ ಆನೊಡೈಸಿಂಗಿಗೆ ಮೊದಲೋ ನಂತರವೋ? ಮೊದಲು ಕೆತ್ತಿದರೆ ಗೆರೆಯೂ ಮೈಯೂ ಒಂದೇ ಬಣ್ಣ. ನೆರಳಿನಿಂದಷ್ಟೇ ಕಾಣುತ್ತದೆ, ಆದರೆ ಗೆರೆಯ ತಳಕ್ಕೂ ಗಟ್ಟಿ ಪದರದ ರಕ್ಷಣೆಯಿದೆ. ನಂತರ ಕೆತ್ತಿದರೆ ಬಣ್ಣದ ನಡುವೆ ಬೆಳ್ಳಿಯ ಗೆರೆ ಹೊಳೆಯುತ್ತದೆ, ದೂರದಿಂದಲೂ ಓದಬಹುದು, ಆದರೆ ಬರಿ ಲೋಹ ಬೆವರು ಮಣ್ಣಿಗೆ ಮಂಕಾಗುತ್ತಾ ಹೋಗುತ್ತದೆ. ಮೂರನೆಯ ದಾರಿ ನನಗೆ ಹೆಚ್ಚು ಪ್ರಿಯ: ಒಂದು ಬಣ್ಣಕ್ಕೆ ಆನೊಡೈಸ್ ಮಾಡಿ ರಂಧ್ರ ಮುಚ್ಚಿಸಿ, ಆಮೇಲೆ ಕೆತ್ತಿ, ಮತ್ತೆ ಎರಡನೆಯ ಬಣ್ಣಕ್ಕೆ ಕಳುಹಿಸುವುದು. ಮೊದಲಿನ ಪದರ ವಿದ್ಯುತ್ತನ್ನು ತಡೆಯುವುದರಿಂದ ಹೊಸ ಪದರ ಬರಿ ಲೋಹವಿರುವ ಗೆರೆಗಳಲ್ಲಷ್ಟೇ ಬೆಳೆದು ಎರಡನೆಯ ಬಣ್ಣ ಹೀರುತ್ತದೆ. ಖರ್ಚು ಹೆಚ್ಚು, ಕಾಯುವಿಕೆ ಹೆಚ್ಚು. ಆದರೆ ಕಪ್ಪು ಮೈಯಲ್ಲಿ ಕೆಂಪು ಗೆರೆ ಬಣ್ಣ ಬಳಿದದ್ದಲ್ಲ, ಲೋಹದಲ್ಲೇ ಬೆಳೆದದ್ದು.

ಭಾಗಗಳು ಮರಳಿ ಬಂದ ಮೇಲೆ ಎಲ್ಲವನ್ನೂ ತೊಳೆದು, ಕಾಲುವೆಗಳಲ್ಲಿ ಗಾಳಿ ಊದಿ, ಬೋರುಗಳನ್ನು ಮತ್ತೊಮ್ಮೆ ಅಳೆದು, ಹೊಸ ಓ-ರಿಂಗುಗಳಿಗೆ ಗ್ರೀಸ್ ಹಚ್ಚಿ ಜೋಡಿಸಬೇಕು. ಮೊದಲ ಸಲ ಗಾಳಿ ಕೊಡುವಾಗ ಮುಖವಾಡ ಧರಿಸಿರಬೇಕು, ಬ್ಯಾರೆಲ್ಲಿಗೆ ಮುಸುಕು ಹಾಕಿರಬೇಕು, ಗುಳಿಗೆಗಳು ಹತ್ತಿರವೂ ಇರಬಾರದು, ರೆಗ್ಯುಲೇಟರ್ ಅತಿ ಕಡಿಮೆ ಒತ್ತಡದಲ್ಲಿರಬೇಕು. ಸೇರಿಕೆಗಳಿಗೆ ಸಾಬೂನು ನೀರು ಹಚ್ಚಿದರೆ ಸೋರಿಕೆಯಿದ್ದಲ್ಲಿ ಗುಳ್ಳೆ ಏಳುತ್ತದೆ. ಒತ್ತಡವನ್ನು ಹಂತಹಂತವಾಗಿ ಏರಿಸಿ, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆಯೇ ವೇಗ ಅಳೆಯುವ ಕ್ರೋನೋಗ್ರಾಫಿನ ಮುಂದೆ ಗುಳಿಗೆ ಹಾರಿಸಿ ವೇಗವನ್ನು ಮಿತಿಯೊಳಗೆ ಹೊಂದಿಸಬೇಕು. ಒಂದು ಹೊಡೆತದಿಂದ ಇನ್ನೊಂದಕ್ಕೆ ವೇಗ ಹೆಚ್ಚು ಏರಿಳಿದರೆ ಸ್ಪ್ರಿಂಗನ್ನು ತಿರುಪುವ ಮುನ್ನ ಬೋಲ್ಟಿನ ಓ-ರಿಂಗ್ ಕೂರುವ ಬೋರನ್ನು ಮತ್ತೆ ಅಳೆಯಿರಿ.